ಎರಡನೇ ಕ್ಲಾಸ್ ಮುಗಿಸಿದ ಮಗಳಿಗೆ ರಜೆಯಲ್ಲೇ ಮೂರನೇ ಕ್ಲಾಸಿನ ಪಾಠ ಶುರು ಮಾಡಲಾ, ಇಲ್ಲ ಬೇಸಿಗೆ ಶಿಬಿರಕ್ಕೆ ಹಾಕಲಾ?

ಶಿವಮೊಗ್ಗದಿಂದ ಈ ಪ್ರಶ್ನೆ ಕೇಳಿ, ಎರಡು ತಿಂಗಳು ರಜೆ ಇದೆ, ‘ಅವಳು ಹಿಂದೆ ಬೀಳಬಾರದು’ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಮಾತು ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ನನ್ನ ಮಗನೂ ಆಗ ಎರಡನೇ ಕ್ಲಾಸ್ ಮುಗಿಸಿದ್ದ. ನಾವಿರುವುದೂ ಶಿವಮೊಗ್ಗದಲ್ಲೇ. ತವರುಮನೆ ತೀರ್ಥಹಳ್ಳಿಯಿಂದ ಒಳಗೆ, ಬಸ್ ಇಳಿದು ಎರಡು ಕಿಲೋಮೀಟರ್ ನಡೆಯಬೇಕು.

ಮೊದಲೇ ಹೇಳಿಬಿಡುತ್ತೇನೆ. ಮೂರನೇ ಕ್ಲಾಸಿನ ಪುಸ್ತಕ ಮುಟ್ಟಬೇಡಿ. ಶಿಬಿರದ ಮಾತು ಆಮೇಲೆ.

ಆ ವರ್ಷ ಪರೀಕ್ಷೆ ಮುಗಿದ ಮೇಲೂ ಒಂದು ವಾರ ಶಾಲೆ ಇತ್ತು. ‘ಇನ್ನು ಯಾಕೆ ಕಳಿಸೋದು’ ಅಂತ ಎಷ್ಟೋ ಮನೆಯವರು ಮಕ್ಕಳನ್ನು ಆಗಲೇ ಊರಿಗೆ ಕಳಿಸಿಬಿಟ್ಟಿದ್ದರು. ನಾನು ಶಾಲೆಗೇ ಕಳಿಸಿದೆ, ಆದರೆ ಅಲ್ಲಿ ಏನು ಮಾಡಿಸುತ್ತಾರೆ ಅಂತ ಕೇಳಲಿಲ್ಲ. ಪಾಠ ಇಲ್ಲ, ಸುಮ್ನೆ ಚಿತ್ರ ಬಿಡಿಸಿಕೊಂಡು ಕೂತಿರುತ್ತಾರೆ ಅಂದುಕೊಂಡೆ. ಅವನ ಟೀಚರ್ ಆ ವಾರ ಹಾಳೆ ಮಡಿಚಿ, ಹೊಲಿದು, ಪ್ರತಿ ಮಗುವಿನ ಕೈಯಲ್ಲೂ ಒಂದು ಪುಟ್ಟ ಪುಸ್ತಕ ಮಾಡಿಸಿದ್ದರು. ಒಂದು ಪುಟದಲ್ಲಿ ಈ ವರ್ಷ ಇಷ್ಟವಾದ ಪಾಠ. ಇನ್ನೊಂದರಲ್ಲಿ ಮುಂದಿನ ವರ್ಷ ಈ ಕ್ಲಾಸಿಗೆ ಬರುವ ಮಕ್ಕಳಿಗೆ ಒಂದು ಕಾಗದ. ಕೊನೆಯ ಪುಟದಲ್ಲಿ ‘ನನಗೆ ಇನ್ನೂ ಅರ್ಥವಾಗದ ಒಂದು ವಿಷಯ’.

ಕೊನೆಯ ದಿನ ಮಗ ಚೀಲ ತುಂಬ ಹೊತ್ತು ತಂದ. ವರ್ಷದ ಎಲ್ಲ ನೋಟ್‌ಬುಕ್, ಚಿತ್ರದ ಹಾಳೆಗಳು, ಅವುಗಳ ನಡುವೆ ಈ ಪುಟ್ಟ ಪುಸ್ತಕ. ‘ಅಮ್ಮ, ಇದು ನೋಡು’ ಅಂದ. ‘ಆಮೇಲೆ ನೋಡ್ತೀನಿ ಪುಟ್ಟಾ’ ಅಂದೆ. ಎರಡು ದಿನ ಬಿಟ್ಟು ಗುಜರಿಯವನು ಬೀದಿಯಲ್ಲಿ ಕೂಗಿದ. ಹಳೇ ಪೇಪರ್ ಜೊತೆ ಚೀಲದಲ್ಲಿದ್ದದ್ದನ್ನೆಲ್ಲ ತೂಕಕ್ಕೆ ಹಾಕಿದೆ. ಹೊಸ ಪುಸ್ತಕಕ್ಕೆ ಜಾಗ ಬೇಕಿತ್ತು.

ಅದೇ ಸಂಜೆ ಗಾಂಧಿ ಬಜಾರಿಗೆ ಹೋಗಿ ಮೂರನೇ ಕ್ಲಾಸಿನ ಗಣಿತದ ವರ್ಕ್‌ಬುಕ್ ತಂದೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಲೆಕ್ಕ, ಸಂಜೆ ಕಾಪಿರೈಟಿಂಗ್ ಅಂತ ವೇಳಾಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಅಮ್ಮ ಫೋನ್ ಮಾಡಿದರು. ‘ಹಲಸಿನಕಾಯಿ ಬಲಿತಿದೆ ಕಣೇ, ಹಪ್ಪಳ ಮಾಡ್ಬೇಕು. ಮಗೂನ ಕಳ್ಸು.’ ಈ ವರ್ಷ ಬೇಡಮ್ಮ, ಓದಿಸಬೇಕು ಅಂದೆ. ‘ಎರಡನೇ ಕ್ಲಾಸಿನ ಹುಡುಗಂಗೆ ಎಂಥ ಓದೇ?’ ಅಂದರು. ಸಿಟ್ಟು ಬಂತು. ಅವರಿಗೆ ಈಗಿನ ಕಾಲದ ಸ್ಪರ್ಧೆ ಗೊತ್ತಿಲ್ಲ ಅಂದುಕೊಂಡೆ.

ಮೇ ಮುಗಿಯುವಷ್ಟರಲ್ಲಿ ಅರ್ಧ ವರ್ಕ್‌ಬುಕ್ ಮುಗಿದಿತ್ತು. ಮೂರಂಕಿಯ ಕಳೆಯುವ ಲೆಕ್ಕವನ್ನೂ ಮಾಡುತ್ತಿದ್ದ. ಹೇಗೆ ಗೊತ್ತಾ? ಪಕ್ಕದಲ್ಲಿ ನಾನು ಕೂತು ಹೇಳುತ್ತಿದ್ದೆ. ಮೇಲಿನದು ಚಿಕ್ಕದಾ? ಪಕ್ಕದ ಮನೆಯಿಂದ ಸಾಲ ತಗೋ. ಇಲ್ಲಿ ಒಂದು ಹಾಕು, ಅಲ್ಲಿ ಒಂದು ಕಮ್ಮಿ ಮಾಡು. ಹೇಳಿದ ಹಾಗೆ ಬರೆಯುತ್ತಿದ್ದ, ಉತ್ತರ ಸರಿ ಬರುತ್ತಿತ್ತು. ಒಂದು ದಿನ ಪೆನ್ಸಿಲ್ ಕೆಳಗಿಟ್ಟು ಕೇಳಿದ: ‘ಅಮ್ಮ, ಸಾಲ ಅಂದ್ರೆ ವಾಪಸ್ ಕೊಡ್ಬೇಕಲ್ವಾ? ಯಾವಾಗ ಕೊಡೋದು?’ ‘ತಲೆಹರಟೆ ಬೇಡ, ಬರಿ’ ಅಂದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಸೆಪ್ಟೆಂಬರಿನ ಟೆಸ್ಟಿನಲ್ಲಿ ಗಣಿತಕ್ಕೆ 25ಕ್ಕೆ 9 ಬಂತು. ಓಡಿ ಹೋದೆ. ಮೂರನೇ ಕ್ಲಾಸಿನ ಟೀಚರ್ ಉತ್ತರಪತ್ರಿಕೆ ಮುಂದಿಟ್ಟರು. 52ರಲ್ಲಿ 38 ಕಳೆ ಅಂದರೆ 26 ಅಂತ ಬರೆದಿದ್ದ. ಎರಡರಲ್ಲಿ ಎಂಟು ಹೋಗಲ್ಲ ಅಂತ ಎಂಟರಲ್ಲೇ ಎರಡನ್ನು ಕಳೆದಿದ್ದ. ಒಂದಲ್ಲ, ಅಂಥ ಲೆಕ್ಕಗಳೆಲ್ಲ ಅದೇ ಥರ ತಪ್ಪಾಗಿದ್ದವು. ‘ಕ್ಲಾಸಲ್ಲಿ ಹೇಳಿಕೊಡೋವಾಗ ಬೋರ್ಡ್ ನೋಡೋದೇ ಇಲ್ಲ. ನಂಗಿದು ಗೊತ್ತು, ಅಮ್ಮ ರಜೆಯಲ್ಲೇ ಹೇಳಿಕೊಟ್ಟಿದ್ದಾರೆ ಅಂತಾನೆ’ ಅಂದರು.

ಸ್ಟಾಫ್ ರೂಮಿನಲ್ಲಿ ಎರಡನೇ ಕ್ಲಾಸಿನ ಟೀಚರೂ ಇದ್ದರು. ನಮ್ಮ ಮಾತು ಕೇಳಿಸಿಕೊಂಡು ಮೊಬೈಲ್ ತೆಗೆದು ಹುಡುಕಿದರು. ಆ ಪುಟ್ಟ ಪುಸ್ತಕಗಳ ಕೊನೆಯ ಪುಟದ ಫೋಟೋಗಳು ಅವರ ಹತ್ತಿರ ಇದ್ದವು. ನನ್ನ ಮಗನ ಪುಟದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಗಳ ಕಟ್ಟಿನ ಚಿತ್ರ. ಅದರ ಕೆಳಗೆ ಬರೆದಿದ್ದ: ‘ಕಟ್ಟು ಬಿಚ್ಚೊದು ಯಾಕೆ ಗೊತಿಲ್ಲ’.

‘ಮನೆಗೆ ಕಳಿಸಿದ್ದೆನಲ್ಲ, ನೋಡ್ಲಿಲ್ವಾ?’ ಅಂದರು. ನನಗೆ ಉತ್ತರ ಹೇಳಲು ಆಗಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಪ್ಪು ಇರುವುದೇ ಇಲ್ಲಿ. ಎರಡನೇ ಕ್ಲಾಸಿನಲ್ಲಿ ಹತ್ತು ಕಡ್ಡಿ ಸೇರಿಸಿ ಒಂದು ಕಟ್ಟು ಮಾಡಿಸುತ್ತಾರೆ. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಇದರಲ್ಲಿ 38 ಕೊಡಬೇಕು, ಅಂದರೆ ಮೂರು ಕಟ್ಟು, ಎಂಟು ಬಿಡಿ. ಬಿಡಿ ಇರುವುದು ಎರಡೇ. ಆಗ ಒಂದು ಕಟ್ಟು ಬಿಚ್ಚಬೇಕು. ಬಿಡಿ ಹನ್ನೆರಡಾಗುತ್ತದೆ, ಅದರಲ್ಲಿ ಎಂಟು ಕೊಟ್ಟರೆ ನಾಲ್ಕು. ಉಳಿದ ನಾಲ್ಕು ಕಟ್ಟಿನಲ್ಲಿ ಮೂರು ಕೊಟ್ಟರೆ ಒಂದು. ಉತ್ತರ 14. ನಾವು ‘ಸಾಲ’ ಅಂತ ಕರೆಯುವುದು ಈ ಕಟ್ಟು ಬಿಚ್ಚುವುದನ್ನೇ. ಯಾರೂ ಯಾರಿಗೂ ಸಾಲ ಕೊಟ್ಟಿಲ್ಲ. ಹತ್ತು ಹತ್ತಾಗಿಯೇ ಇದೆ, ಕಟ್ಟಿದ್ದದ್ದು ಬಿಡಿಯಾಯಿತು, ಅಷ್ಟೇ. ನನ್ನ ಮಗನಿಗೆ ಅರ್ಥವಾಗದೆ ಉಳಿದದ್ದು ಇದೊಂದೇ. ಅದನ್ನು ಅವನೇ ಬರೆದು, ಚಿತ್ರ ಬಿಡಿಸಿ, ಕೈಯಾರೆ ತಂದು ಕೊಟ್ಟಿದ್ದ. ಒಂದು ಮಧ್ಯಾಹ್ನ ಕಡ್ಡಿ ಹಿಡಿದು ಕೂತಿದ್ದರೆ ಮುಗಿದು ಹೋಗುತ್ತಿತ್ತು. ನಾನು ಅದನ್ನು ಗುಜರಿಗೆ ಹಾಕಿ, ಅದರ ಮೇಲೆ ನಿಲ್ಲಬೇಕಾದ ಮೂರಂಕಿಯ ಲೆಕ್ಕವನ್ನು ಏಳು ವಾರ ಕಟ್ಟಿದೆ. ಆ ರಜೆಯಲ್ಲಿ ‘ಸಾಲ ಯಾವಾಗ ವಾಪಸ್ ಕೊಡೋದು’ ಅಂತ ಅವನು ಕೇಳಿದ್ದೂ ತಲೆಹರಟೆ ಆಗಿರಲಿಲ್ಲ. ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳುತ್ತಿದ್ದ.

ಅಂಕ ಹೋದದ್ದಕ್ಕೆ ನನಗೆ ಅಷ್ಟು ಸಂಕಟ ಇಲ್ಲ. ಆ ಮಳೆಗಾಲದಲ್ಲಿ ಅವನು ‘ನಾನು ದಡ್ಡ’ ಅಂತ ಹೇಳಲು ಶುರು ಮಾಡಿದ್ದ. ಅದು ಅವನ ಬಾಯಿಂದ ಪೂರ್ತಿ ಹೋಗಲು ಒಂದೂವರೆ ವರ್ಷ ಹಿಡಿಯಿತು.

ಅದು ಬಿಟ್ಟು ಹೋಗಲು ಶುರುವಾದದ್ದು ದಸರಾ ರಜೆಯಲ್ಲಿ, ಅಮ್ಮನ ಮನೆಯಲ್ಲಿ. ಬೇಸಿಗೆಯಲ್ಲಿ ಅವನಿಲ್ಲದೆ ಮಾಡಿದ ಹಲಸಿನ ಹಪ್ಪಳ ಅಟ್ಟದ ಡಬ್ಬದಲ್ಲಿತ್ತು. ಅಮ್ಮ ಹತ್ತು ಹತ್ತು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿಡುತ್ತಾರೆ. ಆರು ಕಟ್ಟು, ಮೂರು ಬಿಡಿ ಉಳಿದಿತ್ತು. ಪಕ್ಕದ ಮನೆಯವರು ಮಗಳಿಗೆ ಬೆಂಗಳೂರಿಗೆ ಕಳಿಸಲು ಇಪ್ಪತ್ತೈದು ಹಪ್ಪಳ ಕೇಳಿದ್ದರು. ‘ಎಣ್ಸಿ ಕೊಡೋ’ ಅಂತ ಅಮ್ಮ ಇವನಿಗೆ ಹೇಳಿದರು. ಎರಡು ಕಟ್ಟು ತೆಗೆದಿಟ್ಟ. ಮೂರು ಬಿಡಿ ಹಾಕಿದ. ಇನ್ನೂ ಎರಡು ಬೇಕು. ಸುಮ್ಮನೆ ಕೂತ. ಅಮ್ಮ ಒಲೆಯ ಹತ್ತಿರದಿಂದ ತಿರುಗಿಯೂ ನೋಡದೆ ‘ಬಿಡಿ ಸಾಲ್ದಿದ್ರೆ ಒಂದು ಕಟ್ಟು ಬಿಚ್ಚೋ, ಅದಕ್ಕೆಂಥ ಯೋಚ್ನೆ’ ಅಂದರು. ಬಿಚ್ಚಿದ. ಎರಡು ಹಾಕಿದ. ಉಳಿದದ್ದು ಎಣಿಸಿದ. ಮೂರು ಕಟ್ಟು, ಎಂಟು ಬಿಡಿ, ಮೂವತ್ತೆಂಟು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಿ ‘ಅಮ್ಮ, ಇದು ಸಾಲ ಅಲ್ಲ. ವಾಪಸ್ ಕೊಡೋದೇ ಬೇಡ’ ಅಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ರಜೆಯಲ್ಲಿ ಮಕ್ಕಳು ಮರೆಯುತ್ತಾರಾ? ಮರೆಯುತ್ತಾರೆ, ನಿಮ್ಮ ಭಯ ಸುಳ್ಳಲ್ಲ. ಅಮೆರಿಕದಲ್ಲಿ 1996ರಲ್ಲಿ ಹ್ಯಾರಿಸ್ ಕೂಪರ್ ಅನ್ನುವ ಸಂಶೋಧಕ ಮತ್ತು ಜೊತೆಗಾರರು ಈ ವಿಷಯದ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬೇಸಿಗೆ ರಜೆ ಮುಗಿಯುವಾಗ ಮಕ್ಕಳ ಅಂಕ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಇಳಿದಿತ್ತು. ಓದುವುದಕ್ಕಿಂತ ಲೆಕ್ಕದಲ್ಲಿ ಜಾಸ್ತಿ. ಕೂಡುವ, ಕಳೆಯುವಂಥ ಲೆಕ್ಕ ಮತ್ತು ಸ್ಪೆಲ್ಲಿಂಗ್‌ಗೆ ಹೆಚ್ಚು ಪೆಟ್ಟು. ಆದರೆ ಇಳಿದದ್ದು ಕಲಿತಿದ್ದ ವಿಷಯ. ಅದಕ್ಕೆ ಮದ್ದು ಕಲಿತದ್ದನ್ನು ಕೈಯಲ್ಲಿ ಆಡಿಸುತ್ತಿರುವುದು. ಮುಂದಿನ ಕ್ಲಾಸಿನ ಪುಸ್ತಕದಲ್ಲಿ ಆ ಮದ್ದು ಇಲ್ಲ. ಅರ್ಥವಾಗದೆ ಉಳಿದದ್ದಂತೂ ಮುಂದಿನ ಪುಸ್ತಕ ಓದಿಸಿದರೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ಇನ್ನೊಂದು ಮಾತು. ಎರಡು ತಿಂಗಳು ರಜೆ ಅಂತ ಬರೆದಿದ್ದೀರಿ. ನಮ್ಮ ಕಡೆ ಅಷ್ಟು ಇಲ್ಲ. ರಾಜ್ಯದ ಶಾಲೆಗಳಿಗೆ 2024ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು, ಎಣಿಸಿದರೆ 48 ದಿನ. ಅಜ್ಜಿ ಮನೆ, ಮದುವೆ, ಜ್ವರ ಕಳೆದರೆ ಎಷ್ಟು ಉಳಿಯುತ್ತದೆ ಹೇಳಿ.

ಹಾಗಾಗಿ ಮೊದಲು ಅವಳ ಈ ವರ್ಷದ ನೋಟ್‌ಬುಕ್ ತೆಗೆಯಿರಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟದಿಂದ ನೋಡುತ್ತಾ ಬನ್ನಿ. ಬೈಯಬೇಡಿ, ತಿದ್ದಬೇಡಿ. ಜೂನಿನ ಅಕ್ಷರ, ಮಾರ್ಚಿನ ಅಕ್ಷರ ಅಕ್ಕಪಕ್ಕ ಇಟ್ಟು ತೋರಿಸಿದರೆ ಎಷ್ಟು ಬೆಳೆದಿದ್ದೇನೆ ಅಂತ ಅವಳಿಗೇ ಕಾಣುತ್ತದೆ. ಒಂದೇ ಥರದ ತಪ್ಪು ಎಲ್ಲೆಲ್ಲಿ ಬಂದಿದೆ ಅಂತ ನೀವು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳಿ. ಆಮೇಲೆ ಹಾಳೆ ಮಡಿಚಿ ಹೊಲಿದು ನೀವೇ ಅಂಥ ಪುಟ್ಟ ಪುಸ್ತಕ ಮಾಡಿಸಿ. ಕೊನೆಯ ಪುಟ ಮಾತ್ರ ಬಿಡಬೇಡಿ. ‘ಅರ್ಥ ಆಗದ್ದು ಏನು’ ಅಂತ ಬಾಯಲ್ಲಿ ಕೇಳಿದರೆ ಮಕ್ಕಳು ‘ಏನಿಲ್ಲ’ ಅಂತಾರೆ. ಚಿತ್ರ ಬಿಡಿಸು ಅಂದರೆ ಬಿಡಿಸುತ್ತಾರೆ.

ಲೆಕ್ಕಕ್ಕೆ ಬೇಸಿಗೆಯ ಮಲೆನಾಡಿಗಿಂತ ಒಳ್ಳೆ ಶಾಲೆ ನನಗೆ ಗೊತ್ತಿಲ್ಲ. ಹಪ್ಪಳ ಚಾಪೆಯ ಮೇಲೆ ಸಾಲಿಗೆ ಹತ್ತರಂತೆ ಹರಡಲಿ. ಒಂದು ಹಲಸಿನ ಹಣ್ಣಿನಲ್ಲಿ ಎಷ್ಟು ಬೇಳೆ ಇರಬಹುದು ಅಂತ ಮೊದಲು ಅಂದಾಜು ಹೇಳಲಿ, ಆಮೇಲೆ ಹತ್ತರ ಗುಡ್ಡೆ ಮಾಡಿ ಎಣಿಸಲಿ. ಅಂದಾಜಿಗೂ ಎಣಿಕೆಗೂ ಎಷ್ಟು ವ್ಯತ್ಯಾಸ ಬಂತು ಅನ್ನುವುದೇ ಒಂದು ಕಳೆಯುವ ಲೆಕ್ಕ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬ ಅಂಗಳದಲ್ಲಿಡಿ. ಮಳೆ ನಿಂತ ಮೇಲೆ ಒಳಗೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ನೀರು ನಿಂತಿದೆ ಅಂತ ನೋಡಿ, ತಾರೀಕು ಹಾಕಿ ಅವಳೇ ಬರೆಯಲಿ. ಪೇಪರಿನಲ್ಲಿ ಮಳೆ ಅಳತೆ ಕೊಡುವುದೂ ಹೀಗೆಯೇ ಮಿಲಿಮೀಟರಿನಲ್ಲಿ. ನನ್ನ ಮಗ ಮುಂದಿನ ಬೇಸಿಗೆ ಪೂರ್ತಿ ಇದನ್ನು ಬರೆದ. ನಾನು ಒಂದು ದಿನವೂ ನೆನಪಿಸಬೇಕಾಗಲಿಲ್ಲ.

ಓದುವುದಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ. ನೀವು ಒಂದು ಪುಟ, ಅವಳು ಒಂದು ಪುಟ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಹಂತ ಹಂತವಾಗಿ ಬೇರೆ ಮಾಡಿಟ್ಟಿದ್ದಾರೆ. ಕಷ್ಟವಾದರೆ ಒಂದು ಹಂತ ಕೆಳಗಿಳಿಯಿರಿ, ನಾಚಿಕೆ ಬೇಡ. ಅಜ್ಜಿ ಮನೆ ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ವಿಚಾರಿಸಿ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ.

ಶಿಬಿರಕ್ಕೆ ನಾನು ವಿರೋಧಿ ಅಲ್ಲ. ನಾಟಕ, ಮಣ್ಣಿನ ಕೆಲಸ, ಹಾಡು ಇದ್ದರೆ, ಅವಳಿಗೂ ಇಷ್ಟ ಇದ್ದರೆ, ಎರಡು ವಾರ ಹೋಗಲಿ. ‘ಮುಂದಿನ ಕ್ಲಾಸಿನ ಪೋರ್ಷನ್ ಮುಗಿಸಿಕೊಡುತ್ತೇವೆ’ ಅನ್ನುವ ಕಡೆ ಮಾತ್ರ ಹಾಕಬೇಡಿ. ಸುತ್ತಾಡಿಸಬೇಕು ಅಂದರೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಗ್ಗೆಯೇ ಹೋಗಿ, ಆನೆಗಳ ಸ್ನಾನ ನೋಡಬಹುದು. ಕೂಡ್ಲಿಯಲ್ಲಿ ತುಂಗಾ, ಭದ್ರಾ ಸೇರುವುದನ್ನು ದಡದಲ್ಲೇ ನಿಂತು ತೋರಿಸಿ. ನೀರಿಗೆ ಇಳಿಸಬೇಡಿ. ಮಂಡಗದ್ದೆಯ ಪಕ್ಷಿಧಾಮವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ, ಬೆಳ್ಳಕ್ಕಿಗಳ ಗದ್ದಲ ಇರುವುದು ಆಗ.

ರಜೆ ಇನ್ನೂ ಶುರುವಾಗಿಲ್ಲ ಅಂದರೆ ನಾಳೆಯೇ ಅವಳ ಟೀಚರಿಗೆ ಫೋನ್ ಮಾಡಿ. ‘ರಜೆಯಲ್ಲಿ ಏನು ಓದಿಸಲಿ’ ಅಂತ ಕೇಳಬೇಡಿ, ಅವರು ಯಾವುದೋ ಪುಸ್ತಕದ ಹೆಸರು ಹೇಳುತ್ತಾರೆ. ‘ಈ ವರ್ಷದ್ದರಲ್ಲಿ ಇವಳಿಗೆ ಯಾವುದು ಇನ್ನೂ ಕೂತಿಲ್ಲ’ ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಆ ಚೀಟಿಯನ್ನು ಜೂನಿನಲ್ಲಿ ಮೂರನೇ ಕ್ಲಾಸಿನ ಟೀಚರ್ ಕೈಗೆ ಕೊಡಿ. ಅಲ್ಲಿಯವರೆಗೆ ಅವಳ ಹಳೇ ನೋಟ್‌ಬುಕ್ ಒಂದನ್ನೂ ಗುಜರಿಗೆ ಹಾಕಬೇಡಿ.