ನಮ್ಮ ಪಾಮೇರಿಯನ್‌ಗೆ ಒಂದು ಸಲವಾದರೂ ಮರಿ ಹಾಕಿಸಬೇಕಾ?

ಎರಡು ವರ್ಷದ ಹೆಣ್ಣು ಪಾಮೇರಿಯನ್ ಇದೆ, ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಮರಿ ತೆಗೆದುಕೊಳ್ಳಲು ನೆಂಟರೂ ಸಿದ್ಧ ಇದ್ದಾರೆ ಅಂತ ಬರೆದಿದ್ದೀರಿ. ಸಾಗರದ ಕಡೆಯವರು ಅಂತಲೂ ಹೇಳಿದ್ದೀರಿ. ನಮ್ಮದು ತೀರ್ಥಹಳ್ಳಿ ಹತ್ತಿರ, ತೋಟದ ನಡುವಿನ ಒಂಟಿ ಮನೆ. ಇದೇ ಜಾತಿಯ ನಾಯಿ, ಇದೇ ಮಾತು ನಮ್ಮಲ್ಲೂ ನಡೆದಿತ್ತು. ಅವಳ ಹೆಸರು ಬೆಳ್ಳಿ.

ಬೆಳ್ಳಿ ಮೇ ತಿಂಗಳಲ್ಲಿ ಬೆದೆಗೆ ಬಂದಳು. ಕೊಪ್ಪದಲ್ಲಿ ಪರಿಚಯದವರ ಮನೆಯಲ್ಲಿ ಚಂದದ ಗಂಡು ನಾಯಿ ಇತ್ತು. ಕರೆದುಕೊಂಡು ಹೋದೆವು, ಕ್ರಾಸ್ ಆಯಿತು. ನಾಯಿ ಮರಿ ಹಾಕಲು ಸುಮಾರು 63 ದಿನ ಬೇಕು. ಮೇ ತಿಂಗಳಿಗೆ 63 ದಿನ ಕೂಡಿಸಿದರೆ ನಡು ಜುಲೈ ಬರುತ್ತದೆ. ನಮ್ಮ ಕಡೆಯ ಜುಲೈ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕರೆಂಟ್ ಇರುವುದಿಲ್ಲ, ಹಾಸಿದ ಬಟ್ಟೆ ಒಣಗುವುದಿಲ್ಲ. ಹುಟ್ಟಿದ ಮರಿಗಳಿಗೆ ಮೊದಲ ಎರಡು ವಾರ ತಮ್ಮ ಮೈ ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದೂ ಇಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮಳೆಯನ್ನು ಹೇಗೋ ನಿಭಾಯಿಸಿದೆವು. ನಿಭಾಯಿಸಲಾಗದೆ ಹೋಗಿದ್ದು ನಾನು ಕೊಟ್ಟ ಕ್ಯಾಲ್ಸಿಯಂ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಸು ಕಟ್ಟಿದ ಮನೆಯವರು ಯಾರೇ ಆದರೂ ಇದೇ ತಪ್ಪು ಮಾಡಬಹುದು.

ಕರು ಹಾಕಿದ ಹಸು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಹಾಲು ಜ್ವರ ಬಂದು ಮಲಗಿಬಿಡುವುದು, ಡಾಕ್ಟರು ಬಂದು ಕ್ಯಾಲ್ಸಿಯಂ ಬಾಟಲಿ ಏರಿಸುವುದು, ಸ್ವಲ್ಪ ಹೊತ್ತಿಗೆ ಹಸು ಎದ್ದು ನಿಲ್ಲುವುದು, ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವಳು ನಾನು. ಬೆಳ್ಳಿ ಗಬ್ಬ ಅಂತ ಗೊತ್ತಾದ ಕೂಡಲೇ ಹಸುವಿಗೆ ತಂದಿಟ್ಟ ಕ್ಯಾನಿನಿಂದಲೇ ದಿನಾ ಅವಳ ಹಾಲಿಗೆ ಕ್ಯಾಲ್ಸಿಯಂ ಹಾಕಿ ಕೊಡತೊಡಗಿದೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದು ಏನಾದರೂ ಇದೆ ಅಂತ ಅನ್ನಿಸಲೇ ಇಲ್ಲ. ಹೊಟ್ಟೆಯಲ್ಲಿ ಮರಿಗಳ ಮೂಳೆ ಬೆಳೆಯಬೇಕು, ಮುಂದೆ ಹಾಲು ಬೇಕು, ಕ್ಯಾಲ್ಸಿಯಂ ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿ ಪ್ಯಾರಾಥೈರಾಯ್ಡ್ ಅಂತ ಪುಟ್ಟ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಮೂಳೆಯಿಂದ ಬಿಡಿಸಿ ರಕ್ತಕ್ಕೆ ತರಿಸುವ ಕೆಲಸ ಅವುಗಳದ್ದು. ಗಬ್ಬದ ಅಷ್ಟೂ ದಿನ ಹೊರಗಿನಿಂದ ಸುರಿಯುತ್ತಿದ್ದರೆ ಅವುಗಳಿಗೆ ಕೆಲಸವೇ ಇರುವುದಿಲ್ಲ. ಮನೆಗೆ ನಲ್ಲಿ ನೀರು ಬಂದ ಮೇಲೆ ಬಾವಿಯ ರಾಟೆ ತುಕ್ಕು ಹಿಡಿಯುತ್ತದಲ್ಲ, ಹಾಗೆ. ಮರಿ ಹಾಕಿದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಬೇಕಾಗುತ್ತದೆ. ಆ ಗ್ರಂಥಿಗಳು ಬೇಕಾದ ವೇಗದಲ್ಲಿ ಎಚ್ಚರಗೊಳ್ಳುವುದಿಲ್ಲ. ರಕ್ತದ ಕ್ಯಾಲ್ಸಿಯಂ ಕುಸಿದು ನಾಯಿಗೂ ಹಾಲು ಜ್ವರ ಬರುತ್ತದೆ. ಸಣ್ಣ ಜಾತಿಯ ನಾಯಿಗೆ ಮರಿಗಳೂ ಜಾಸ್ತಿ ಆದರೆ ಅಪಾಯ ಇನ್ನೂ ಹೆಚ್ಚು. ಬೆಳ್ಳಿ ಹಾಕಿದ್ದು ಐದು ಮರಿ. ಹಸುವಿನಲ್ಲೂ ಲೆಕ್ಕ ಇದೇ ಅಂತೆ. ಕರು ಹಾಕುವ ಮುಂಚಿನ ವಾರಗಳಲ್ಲಿ ಕ್ಯಾಲ್ಸಿಯಂ ಸುರಿದರೆ ಹಾಲು ಜ್ವರಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಇಷ್ಟು ವರ್ಷ ಹಸು ಸಾಕಿದ ಮನೆಯಲ್ಲಿ ಅದೂ ಯಾರಿಗೂ ಗೊತ್ತಿರಲಿಲ್ಲ.

ಮರಿಗಳು ಕಣ್ಣು ಬಿಟ್ಟಿದ್ದವು. ಒಂದು ಸಂಜೆ ಬೆಳ್ಳಿ ಮರಿಗಳ ಹತ್ತಿರ ಮಲಗಲು ಒಪ್ಪಲೇ ಇಲ್ಲ. ಏಳುವುದು, ಓಡಾಡುವುದು, ಕುಂಯ್‌ಗುಡುವುದು, ಏದುಸಿರು ಬಿಡುವುದು. ನಡೆದರೆ ಕಾಲು ಸೆಟೆದ ಹಾಗಿತ್ತು. ಆಮೇಲೆ ನಡುಕ ಶುರುವಾಯಿತು. ಮಳೆಗೆ ಚಳಿ ಹಿಡಿದಿದೆ ಅಂತ ಅತ್ತೆ ಕಂಬಳಿ ಹೊದೆಸಿ ಬಚ್ಚಲ ಒಲೆ ಮುಂದೆ ಮಲಗಿಸಿದರು. ನಾನೂ ಸರಿ ಅಂದೆ. ಹಾಲು ಜ್ವರ ಅಂತ ನನಗೆ ಹೊಳೆಯಲೇ ಇಲ್ಲ, ಯಾಕೆಂದರೆ ಹಸುವಿನಲ್ಲಿ ನಾನು ನೋಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಹಸುವಿಗೆ ಕಿವಿ ತಣ್ಣಗಾಗುತ್ತದೆ, ಮೈ ಸಡಿಲ ಆಗುತ್ತದೆ, ಕುತ್ತಿಗೆ ಪಕ್ಕಕ್ಕೆ ಮಡಚಿ ಸುಮ್ನೆ ಮಲಗುತ್ತದೆ. ನಾಯಿಗೆ ಮೈ ಬಿಗಿಯುತ್ತದೆ, ನಡುಗುತ್ತದೆ, ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಕೊನೆಗೆ ಫಿಟ್ಸ್. ಅಂಥ ಮೈಯನ್ನು ನಾವು ಬೆಂಕಿ ಮುಂದೆ ಇಟ್ಟಿದ್ದೆವು.

ಫಿಟ್ಸ್ ಬಂದ ಮೇಲೆ ನಮ್ಮ ಮನೆಯವರು ಹಸುಗಳಿಗೆ ಬರುವ ಡಾಕ್ಟರಿಗೆ ಫೋನ್ ಮಾಡಿದರು. ಒಲೆ ಹತ್ತಿರದಿಂದ ಎತ್ತಿ, ಮರಿಗಳನ್ನು ಬೇರೆ ಮಾಡಿ, ಈಗಲೇ ಹೊರಡಿ ಅಂದರು. ಹಸುವಿಗೆ ತಂದ ಬಾಟಲಿ ಮನೆಯಲ್ಲೇ ಇದೆ, ಚುಚ್ಚಬಹುದಾ ಅಂತ ಇವರು ಕೇಳಿದ್ದಕ್ಕೆ ಬೈದರು. ಕ್ಯಾಲ್ಸಿಯಂ ರಕ್ತಕ್ಕೆ ಬೇಗ ಹೋದರೆ ಹೃದಯ ನಿಂತುಹೋಗಬಹುದು. ಅವರು ಬೆಳ್ಳಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ಸ್ವಲ್ಪ ಸ್ವಲ್ಪವಾಗಿ ಏರಿಸಿದರು. ಬೆಳ್ಳಿ ಉಳಿದಳು.

ಮರಿಗಳೆಲ್ಲ ಉಳಿಯಲಿಲ್ಲ. ತಾಯಿ ಹಾಲು ಬಿಡಿಸಬೇಕಾಯಿತು. ನಾಯಿಯ ಹಾಲಿನಲ್ಲಿ ಇರುವಷ್ಟು ಕೊಬ್ಬು, ಪ್ರೋಟೀನ್ ಹಸುವಿನ ಹಾಲಿನಲ್ಲಿ ಇಲ್ಲ, ಮರಿಗಳಿಗೆ ಅದು ಸರಿಯಾಗಿ ಒಗ್ಗುವುದೂ ಇಲ್ಲ. ಮರಿಗಳಿಗೆ ಅಂತಲೇ ಬರುವ ಹಾಲಿನ ಪುಡಿ ಶಿವಮೊಗ್ಗದಿಂದ ತರಿಸುವ ಹೊತ್ತಿಗೆ ಭೇದಿ ಹಿಡಿದಿತ್ತು. ರಾತ್ರಿಯೆಲ್ಲ ಎದ್ದು ಎದ್ದು ಕುಡಿಸಿದರೂ ಎಲ್ಲಕ್ಕಿಂತ ಸಣ್ಣವು ಎರಡು ಸತ್ತುಹೋದವು. ಅವನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇಕು ಅಂತ ನಾವೇ ಹುಟ್ಟಿಸಿದ ಜೀವಗಳು ಅವು.

ಉಳಿದ ಮೂರರಲ್ಲಿ ಎರಡು ಹೆಣ್ಣು. ನಿಮ್ಮ ನೆಂಟರ ವಿಷಯ ಇಲ್ಲಿ ಬರುತ್ತದೆ. ನಮಗೂ ಒಂದು ಮರಿ ಇರಲಿ ಅಂತ ಹೇಳಿದವರು ನಮ್ಮಲ್ಲೂ ಬೇಕಾದಷ್ಟು ಇದ್ದರು. ಮರಿ ಹುಟ್ಟಿದ ಮೇಲೆ ಎಲ್ಲರ ಪ್ರಶ್ನೆ ಒಂದೇ: ಗಂಡು ಇದೆಯಾ? ಮಲೆನಾಡಿನಲ್ಲಿ ಹೆಣ್ಣು ಮರಿ ಯಾರಿಗೂ ಬೇಡ. ಸಂತೆಯ ಹತ್ತಿರ, ದೇವಸ್ಥಾನದ ಹತ್ತಿರ ಚೀಲದಲ್ಲಿ ತಂದು ಬಿಟ್ಟುಹೋದ ಮರಿಗಳನ್ನು ನೋಡಿ, ಹೆಚ್ಚಿನವು ಹೆಣ್ಣೇ. ಒಂದನ್ನು ನನ್ನ ತಂಗಿ ಸಾಕಿದಳು. ಇನ್ನೊಂದು ನಮ್ಮಲ್ಲೇ ಇದೆ. ಹಾಗಾಗಿ ಸಿದ್ಧ ಅನ್ನುವ ನೆಂಟರನ್ನು ಇವತ್ತೇ ಕೇಳಿ: ಹೆಣ್ಣಾದರೂ ತಗೊಳ್ತೀರಾ? ಮುಂದೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸ್ತೀರಾ? ರಾತ್ರಿ ಒಳಗೆ ಮಲಗಿಸ್ತೀರಾ, ಇಲ್ಲ ಚಿರತೆ ಓಡಾಡುವ ಜಾಗದಲ್ಲಿ ಅಂಗಳಕ್ಕೆ ಕಟ್ಟಿಹಾಕ್ತೀರಾ? ಸಾಕಲು ಆಗದಿದ್ದರೆ ನನಗೇ ವಾಪಸ್ ಕೊಡ್ತೀರಾ? ವಾಪಸ್ ಬಂದ ಮರಿಯನ್ನು ಇಟ್ಟುಕೊಳ್ಳಲು ನಿಮ್ಮ ಮನೆಯಲ್ಲಿ ಜಾಗ, ಮನಸ್ಸು ಎರಡೂ ಇಲ್ಲದಿದ್ದರೆ ಹುಟ್ಟಿಸಲೇಬೇಡಿ.

ಇನ್ನು ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು. ಅದನ್ನು ನಾನು ಒಪ್ಪುವುದಿಲ್ಲ. ಮರಿ ಹಾಕಿಸುವುದರಿಂದ ಹೆಣ್ಣು ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಅಂತ ಒಂದು ಕಾಯಿಲೆ ಇದೆ, ಬೆದೆ ಮುಗಿದ ಕೆಲವು ವಾರಗಳಲ್ಲಿ ಬರುತ್ತದೆ, ಜೀವ ತೆಗೆಯುತ್ತದೆ. ಒಮ್ಮೆ ಮರಿ ಹಾಕಿದ್ದಾಳೆ ಅಂತ ಅದು ಬಿಡುವುದಿಲ್ಲ. ಅದನ್ನು ತಡೆಯುವುದು ಆಪರೇಷನ್. ಸ್ತನದ ಗಡ್ಡೆಯ ಭಯವೂ ಆಪರೇಷನ್ ಎಷ್ಟು ಬೇಗ ಮಾಡಿಸಿದರೆ ಅಷ್ಟು ಕಡಿಮೆ. ಎರಡು ವರ್ಷ ಅಂದರೆ ತಡವಾಯಿತು ಅಂತ ಬಿಡಬೇಡಿ. ತಾಯಿತನದ ಸುಖ ಅವಳಿಗೂ ಬೇಡವಾ ಅಂತ ನಮ್ಮತ್ತೆ ಕೇಳಿದ್ದರು. ಆ ಆಸೆ ನಮ್ಮದು, ಬೆಳ್ಳಿಯದ್ದಲ್ಲ.

ಇಷ್ಟು ಓದಿಯೂ ಹಾಕಿಸುತ್ತೇನೆ ಅಂದರೆ ಮೊದಲು ಇಬ್ಬರನ್ನೂ ಡಾಕ್ಟರ ಹತ್ತಿರ ತೋರಿಸಿ, ಗಂಡನ್ನೂ ಸೇರಿಸಿ. ಈ ಜಾತಿಯಲ್ಲಿ ಮೊಣಕಾಲ ಚಿಪ್ಪು ಜಾರುವ ತೊಂದರೆ ವಂಶದಲ್ಲೇ ಬರುತ್ತದೆ. ಕ್ರಾಸ್ ಮಾಡಿಸಿದಾಗ ಹರಡಿ ಗಬ್ಬ ಬೀಳಿಸುವ ಬ್ರುಸೆಲ್ಲಾ ಅನ್ನುವ ಸೋಂಕಿನ ಪರೀಕ್ಷೆ ಮಾಡಿಸಿ. ಗಂಡು ಅವಳಿಗಿಂತ ದೊಡ್ಡದಿರುವುದು ಬೇಡ. 55 ದಿನ ದಾಟಿದ ಮೇಲೆ ಎಕ್ಸ್-ರೇ ತೆಗೆಸಿದರೆ ಮರಿ ಎಷ್ಟಿವೆ ಅಂತ ಎಣಿಸಬಹುದು. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ, ಅಥವಾ ಮೊದಲ ಮರಿಗಿಂತ ಮುಂಚೆ ಹಸಿರು ಸ್ರಾವ ಕಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ಸಿಸೇರಿಯನ್‌ಗೆ ದುಡ್ಡು, ರಾತ್ರಿ ಫೋನ್ ಎತ್ತುವ ಡಾಕ್ಟರು, ಗಾಡಿ, ಮೂರೂ ಇರಬೇಕು. ಡಾಕ್ಟರು ಹೇಳದೆ ಕ್ಯಾಲ್ಸಿಯಂ ಒಂದು ಹನಿಯೂ ಬೇಡ. ಮಾರುವ ಯೋಚನೆ ಇದ್ದರೆ 2017ರ ಕೇಂದ್ರದ ನಿಯಮ ಇದೆ: ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ.

ನನ್ನನ್ನು ಕೇಳಿದರೆ, ಹಾಕಿಸಬೇಡಿ. ಅವಳು ಈಗ ಬೆದೆಯಲ್ಲಿದ್ದರೆ ಮೂರು ವಾರ ಮನೆಯೊಳಗೇ ಇಟ್ಟುಕೊಳ್ಳಿ. ರಕ್ತ ಕಡಿಮೆಯಾದ ಕೂಡಲೇ ಮುಗಿಯಿತು ಅಂತ ಹೊರಗೆ ಬಿಡುತ್ತಾರೆ, ಗಬ್ಬ ನಿಲ್ಲುವುದೇ ಆ ದಿನಗಳಲ್ಲಿ. ತೋಟದ ಬೇಲಿ ಊರಿನ ಗಂಡು ನಾಯಿಗಳನ್ನು ತಡೆಯುವುದಿಲ್ಲ. ಬೆದೆ ಮುಗಿದು ಎರಡು ಮೂರು ತಿಂಗಳು ಕಳೆಯಲಿ, ಆಮೇಲೆ ಆಪರೇಷನ್ ಮಾಡಿಸಿ. ನಿಮ್ಮೂರಲ್ಲಿ ಅನುಕೂಲ ಇಲ್ಲದಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ.