‘ನಾಳಿಂದ ಹಾಲು ಬ್ಯಾಡೇನ್ರಿ?’

ಬಾಗಲಕೋಟೆ ನವನಗರದಿಂದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಪುಣೆಯಲ್ಲಿರುವ ಮಗಳು ಒಂದು ಡೈರಿ ಕೊಟ್ಟಳು. ದಿನಾ ಮಲಗುವ ಮುಂಚೆ, ಅವತ್ತು ಒಳ್ಳೆಯದಾದ ಮೂರು ಸಂಗತಿ ಬರೆಯುತ್ತೇನೆ. ನಿನ್ನೆಯ ಮೂರು: ಬಸ್ಸಿನಲ್ಲಿ ಸೀಟು ಸಿಕ್ಕಿತು, ಮನೆಯವಳು ಉಟ್ಟ ಇಳಕಲ್ ಸೀರೆ ಚಂದ ಕಂಡಿತು, ಹಾಲು ಹೊತ್ತಿಗೆ ಸರಿಯಾಗಿ ಬಂತು. ಈಗ ನಿದ್ದೆ ಚೆನ್ನಾಗಿ ಬರುತ್ತಿದೆ. ಬರೆದರೆ ಸಾಲದು, ಬಾಯಿಬಿಟ್ಟು ಹೇಳಬೇಕು ಅನಿಸಿ ಇವತ್ತು ಹಾಲಿನವನಿಗೆ ‘ಧನ್ಯವಾದಗಳಪ್ಪಾ’ ಅಂದೆ. ಅವನು ಗಾಬರಿಯಾಗಿ, ‘ಯಾಕ್ರೀ ಸರ, ನಾಳಿಂದ ಹಾಲು ಬ್ಯಾಡೇನ್ರಿ?’ ಅಂದ. ನಮ್ಮ ಮಂದಿಗೆ ಕೃತಜ್ಞತೆ ಅಂದರೇನು ಅಂತಲೇ ಗೊತ್ತಿಲ್ಲ. ಇದನ್ನು ಶಾಲೆಯಲ್ಲೇ ಕಲಿಸಬೇಕಲ್ಲವೇ?”

ಮಾಸ್ತರೇ, ಡೈರಿ ಬಿಡಬೇಡಿ. ನಮ್ಮ ವಯಸ್ಸಲ್ಲಿ ನಿದ್ದೆ ತರಿಸುವ ಯಾವುದನ್ನೂ ನಾನು ಬೈಯುವುದಿಲ್ಲ. ಆದರೆ ಈ ಜಗಳದಲ್ಲಿ ನಾನು ಹಾಲಿನವನ ಕಡೆ.

ಅವನು ಗಾಬರಿಯಾದದ್ದು ಸರಿಯಾಗಿಯೇ ಇದೆ. ನಮ್ಮಲ್ಲಿ ‘ಧನ್ಯವಾದ’ ಸಭೆ ಮುಗಿದಾಗ ಬರುವ ಮಾತು. ವಂದನಾರ್ಪಣೆ ಶುರುವಾಯಿತು ಅಂದರೆ ಎದ್ದು ಚಪ್ಪಲಿ ಹುಡುಕಿ ಅಂತ ಅರ್ಥ. ದಿನಾ ಬಾಗಿಲಿಗೆ ಬರುವ ಮನುಷ್ಯನಿಗೆ ಅದನ್ನು ಯಾರಾದರೂ ಹೇಳುತ್ತಾರಾ? ಅವನಿಗೆ ‘ಚಾ ಕುಡದ ಹೋಗು’ ಅನ್ನುತ್ತೇವೆ. ‘ಮಗನ ಜ್ವರ ಇಳೀತೇನು’ ಅಂತ ಕೇಳುತ್ತೇವೆ. ದಸರೆಯ ಸಂಜೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅನ್ನುತ್ತೇವೆ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದವರು ತಾವು ಉಣ್ಣುವ ಮೊದಲು ನಿಂತ ಜೋಳದೊಳಗೆ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯಲ್ಲೇ ಒಂದಿಷ್ಟನ್ನು ಬೆಳೆಗೆ ಎರಚುತ್ತಾರೆ. ಭೂಮಿಗೆ ಯಾರೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ. ಅದಕ್ಕೆ ಉಣ್ಣಿಸಿ ತಾವು ಉಣ್ಣುತ್ತಾರೆ, ಅಷ್ಟೇ.

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಎರಡು ಪುಟದ ಪತ್ರದಲ್ಲಿ ‘ಹಾಲಿನವ’ ಆರು ಸಲ ಬಂದಿದ್ದಾನೆ. ಅವನ ಹೆಸರು ಒಮ್ಮೆಯೂ ಬಂದಿಲ್ಲ. ಯಾವ ಊರಿಂದ ಬರುತ್ತಾನೆ, ಎಮ್ಮೆ ಎಷ್ಟಿವೆ, ನಸುಕಿನಲ್ಲಿ ಎಷ್ಟು ಗಂಟೆಗೆ ಏಳುತ್ತಾನೆ, ಒಂದೂ ಇಲ್ಲ. ಹಳೇ ಬಾಗಲಕೋಟೆಯ ಓಣಿಯಲ್ಲಿದ್ದಾಗ ನಿಮಗೆ ಇದೆಲ್ಲ ಬಾಯಿಪಾಠ ಇದ್ದಿರಬೇಕು. ಆಲಮಟ್ಟಿಯ ಹಿನ್ನೀರು ಬಂತು, ಜನ ಎದ್ದು ನವನಗರಕ್ಕೆ ಹೋಗಿ ಸೆಕ್ಟರ್ ನಂಬರ್ ಆದರು. ಅದು ನಿಮ್ಮ ತಪ್ಪಲ್ಲ. ಆದರೂ ಹೆಸರು ಕೇಳೋದಕ್ಕೆ ಯಾವ ಅಣೆಕಟ್ಟು ಅಡ್ಡ ಬರುತ್ತೆ?

ಇನ್ನು ಆ ಸೀರೆ. ಚಂದ ಕಂಡಿತು, ಸರಿ. ಮುಂದಿನ ಸಲ ಕನ್ನಡಕ ಹಾಕಿಕೊಂಡು ಸೆರಗು ಶುರುವಾಗುವ ಜಾಗ ನೋಡಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಸಾಮಾನ್ಯವಾಗಿ ಕೆಂಪು ರೇಷ್ಮೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಅದೇ ಟೋಪ್ ತೆನಿ. ಹಾಗಾಗಿ ಒಮ್ಮೆ ಉದ್ದ ಹಾಸು ಹೂಡಿ ಸಾಲಾಗಿ ಸೀರೆ ಇಳಿಸಲು ಬರುವುದಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧ ಮಾಡಬೇಕು. ಮಗ್ಗಕ್ಕೆ ಏರುವ ಮುಂಚಿನ ಈ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿ. ಫೋಟೋಕ್ಕೆ ಸಿಗುವವನು ಮಾತ್ರ ಮಗ್ಗದ ಮೇಲೆ ಕೂತ ಗಂಡಸು. ಡೈರಿಯಲ್ಲಿ ಆ ಹೆಂಗಸಿಗೊಂದು ಸಾಲು ಕೊಡಿ. ಸೀಟಿನ ಸಾಲು ತೆಗೆದರೂ ನಡೆಯುತ್ತೆ.

ಉಪದೇಶ ಜಾಸ್ತಿಯಾಯಿತು ಅಂತೀರಾ? ನನ್ನ ಕಥೆಯನ್ನೂ ಕೇಳಿ. ನಮ್ಮ ಪತ್ರಿಕೆ ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸಿ ಅಚ್ಚಾಗುತ್ತಿದ್ದ ಕಾಲ. ಆಗಿನ ಬಿಜಾಪುರದ ಒಂದು ಸಣ್ಣ ಪ್ರೆಸ್ಸು. ಮೊಳೆ ಜೋಡಿಸುವ ಕಂಪೋಸಿಟರ್ ಇಡೀ ದಿನ ನಿಂತೇ ಇರುತ್ತಿದ್ದರು. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿರುತ್ತದೆ, ಮೇಲೆ ಕನ್ನಡದ ಒತ್ತಕ್ಷರಗಳ ಕಾಟ. ಅಂಥದ್ದರಲ್ಲೂ ಅವರು ಒಮ್ಮೆ ನನ್ನ ಸಂಪಾದಕೀಯ ಹಿಡಿದು ಬಂದು, ‘ಈ ವಾಕ್ಯಕ್ಕ ಕ್ರಿಯಾಪದನ ಇಲ್ಲಲ್ರೀ’ ಅಂದರು. ನೋಡಿದೆ, ಇರಲಿಲ್ಲ. ಜಾಹೀರಾತು ಕೊಟ್ಟ ಅಡತಿ ಅಂಗಡಿಯವರ ಹೆಸರು ಪ್ರತಿ ಸಂಚಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತು. ಇವರ ಹೆಸರು ಹಾಕಬೇಕು ಅಂತ ನನಗೆ ಹೊಳೆದದ್ದು ಕಂಪ್ಯೂಟರ್ ಬಂದು ಮೊಳೆಯ ಕೊನೇ ಸಂಚಿಕೆ ತಯಾರಾಗುವಾಗ. ‘ಕೊನೇ ಪುಟದಾಗ ನಿಮ್ಮ ಹೆಸರು ನೀವ ಜೋಡಸ್ರಿ’ ಅಂದೆ. ಪ್ರೂಫ್ ಬಂದಾಗ ಹೆಸರಿಲ್ಲ. ‘ಜಾಗಾ ಸಾಲಲಿಲ್ರೀ. ಒಬ್ಬ ಹುಡುಗನ ಚುಟುಕ ಒಂದು ಉಳದಿತ್ತು, ಅದನ್ನ ಹಾಕಿದೆ’ ಅಂದರು. ಈಗ ಅವರಿಲ್ಲ. ಅವರೇ ಬಿಟ್ಟ ಹೆಸರನ್ನು ಇಲ್ಲಿ ಹಾಕಲು ನನಗೂ ಮನಸ್ಸಾಗುತ್ತಿಲ್ಲ.

ಹೆಸರಿನ ಮಾತು ಬಂತಲ್ಲ, ಹಳೇ ಸಿಟ್ಟೊಂದನ್ನು ಹೇಳಿಬಿಡುತ್ತೇನೆ. ‘ಕಾಯಕವೇ ಕೈಲಾಸ’ ಅನ್ನುವ ಬೋರ್ಡು ಎಷ್ಟು ಕಚೇರಿಯಲ್ಲಿ ನೋಡಿದ್ದೀರಿ? ಕೆಳಗೆ ಬಸವಣ್ಣ ಅಂತ ಇರುತ್ತದೆ. ಬಸವನ ಬಾಗೇವಾಡಿ ನಮ್ಮ ಜಿಲ್ಲೆ, ಕೂಡಲಸಂಗಮ ನಿಮ್ಮ ಜಿಲ್ಲೆ, ಅಭಿಮಾನ ಇರಲಿ. ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವನು. ಒಂದು ದಿನ ಜಾಸ್ತಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂದವಳು ಹೆಂಡತಿ ಲಕ್ಕಮ್ಮ. ಅಕ್ಕಿ ಆಯುವವನ ಈ ಒಂದು ಮಾತನ್ನೂ ಅವನ ಹೆಸರಲ್ಲಿ ಉಳಿಸಲು ನಮ್ಮ ಕೈಲಿ ಆಗಲಿಲ್ಲ.

ಇಂಥದೇ ಬೋರ್ಡಿನ ಕೆಳಗೆ ಒಮ್ಮೆ ಸನ್ಮಾನ ನೋಡಿದೆ. ಊರು, ಕಚೇರಿ ಬೇಡ. ಕಸ ಗುಡಿಸುವ ಅವ್ವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅರ್ಧ ತಾಸು ಭಾಷಣ. ಹೊರಗೆ ಬಂದ ಮೇಲೆ ಆಕೆ ನನ್ನನ್ನು ಯಾರೋ ಸಾಹೇಬ ಅಂದುಕೊಂಡು, ‘ಎರಡ ತಿಂಗಳ ಪಗಾರ ಯಾವಾಗ ಆಗ್ತದ್ರೀ?’ ಅಂದರು. ಖಂಡೇನವಮಿಯ ಆಯುಧಪೂಜೆಗೂ ಇದೇ ಹಾಡು. ಮಷೀನಿಗೆ ಕುಂಕುಮ, ಹಾರ, ಕುಂಬಳಕಾಯಿ. ಮಷೀನ್ ನಡೆಸುವವನಿಗೆ ಒಂದು ಪೊಟ್ಟಣ ಚುನಮುರಿ.

ಶಾಲೆಯಲ್ಲಿ ಕಲಿಸಬೇಕಲ್ಲವೇ ಅಂತ ಕೇಳಿದಿರಿ. ಅಲ್ಲಿಗೆ ಹೋದರೆ ಅದಕ್ಕೂ ಒಂದು ಸಪ್ತಾಹ, ಭಾಷಣ ಸ್ಪರ್ಧೆ, ಸರ್ಟಿಫಿಕೇಟ್ ಹುಟ್ಟುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಬೇಕಾದರೆ ಹುಡುಗರನ್ನು ಒಂದು ಬೆಳಿಗ್ಗೆ ಬಿಸಿಯೂಟದ ಅಡುಗೆಯವರ ಹತ್ತಿರ ಬಿಡಲಿ. ಬೇಳೆ ಆರಿಸಲಿ, ಆ ಒಲೆ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಲಿ.

ಅಂದ ಹಾಗೆ, ಹಾಲಿನವನ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ ಅಂತ ಪತ್ರದಲ್ಲಿ ಇಲ್ಲ. ಅವನು ಇನ್ನೂ ಅನುಮಾನದಲ್ಲೇ ಇದ್ದಾನೋ ಏನೋ. ಮೊದಲು ಹೇಳಿಬಿಡಿ, ಹಾಲು ಬೇಕು ಅಂತ.