ಅಂಗಡಿಯಲ್ಲಿ ಸಿಕ್ಕರೂ ನಿಮಗೆ ಸಲ್ಲದ ಗಾಂಜಾ

ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ಗೆ ಬರುತ್ತಿದ್ದೀರಿ. ಜೊತೆಗೆ ಮನೆ ಮಾಡಲಿರುವ ಹುಡುಗರು "ಅಮೆರಿಕದಲ್ಲಿ ಈಗ ಗಾಂಜಾಕ್ಕೆಲ್ಲ ಯಾರನ್ನೂ ಹಿಡಿಯುವುದಿಲ್ಲ" ಎನ್ನುತ್ತಿದ್ದಾರೆ, ನಿಜವೇ ಅಕ್ಕ ಎಂದು ಕೇಳಿದ್ದೀರಿ. ಈ ಕಡೆ ಬಹಳ ವರ್ಷಗಳಿಂದ ಸಂಸಾರ ಹೂಡಿರುವವಳಾಗಿ ಹೇಳುತ್ತೇನೆ: ಅವರ ಮಾತು ಅರ್ಧ ನಿಜ, ಆದರೆ ಆ ಅರ್ಧದಲ್ಲಿ ನೀವು ಸೇರಿಲ್ಲ.

ನಿಜದ ಭಾಗವನ್ನು ಮೊದಲು ಒಪ್ಪಿಬಿಡುತ್ತೇನೆ. 2007ರಲ್ಲಿ ಈ ದೇಶದಲ್ಲಿ ಗಾಂಜಾ ಸಂಬಂಧ 8 ಲಕ್ಷ 70 ಸಾವಿರಕ್ಕೂ ಹೆಚ್ಚು ಬಂಧನಗಳಾಗಿದ್ದವು. 2023ರ ಹೊತ್ತಿಗೆ ಅದು 2 ಲಕ್ಷ 17 ಸಾವಿರದ ಆಸುಪಾಸಿಗೆ ಇಳಿದಿತ್ತು. ಅಂದೂ ಇಂದೂ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಮಾರುವವರಲ್ಲ, ಕಿಸೆಯಲ್ಲಿ ಒಂದಿಷ್ಟು ಇಟ್ಟುಕೊಂಡವರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ಬಾಗಿಲು ತೆರೆದರು. ಈಗ 24 ರಾಜ್ಯಗಳಲ್ಲಿ ವಯಸ್ಕರು ಸೇದಬಹುದು. ಇಳಿಕೆಯ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು.

ಆದರೆ ಕಾನೂನು ಬರೆದ ಮಾತ್ರಕ್ಕೆ ಪೊಲೀಸರ ಕೈ ನಿಲ್ಲುವುದಿಲ್ಲ. ನ್ಯೂಯಾರ್ಕ್ ರಾಜ್ಯ 1977ರಲ್ಲೇ 25 ಗ್ರಾಂ ಒಳಗಿನ ಗಾಂಜಾಕ್ಕೆ ದಂಡ ಸಾಕು ಎಂದಿತ್ತು. ಹಾಗಿದ್ದೂ 2011ರಲ್ಲಿ ನ್ಯೂಯಾರ್ಕ್ ನಗರ ಒಂದರಲ್ಲೇ ಸುಮಾರು 50 ಸಾವಿರ ಮಂದಿಯನ್ನು ಇದೇ ಕಾರಣಕ್ಕೆ ಹಿಡಿದರು. ಬೀದಿಯಲ್ಲಿ ತಡೆದು ಜೇಬು ಖಾಲಿ ಮಾಡಿಸುವುದು, ಹೊರಬಂದ ಪೊಟ್ಟಣವನ್ನು "ಸಾರ್ವಜನಿಕ ಪ್ರದರ್ಶನ" ಎಂಬ ಬೇರೆಯೇ ಅಪರಾಧವಾಗಿ ಬರೆದುಕೊಳ್ಳುವುದು! ಸಿಕ್ಕವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಯುವಕರು. ದೇಶಮಟ್ಟದಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2018ರ ಅಂಕಿಗಳನ್ನು ತೆಗೆದು ನೋಡಿದಾಗ, ಬಳಕೆ ಹೆಚ್ಚುಕಡಿಮೆ ಒಂದೇ ಇದ್ದರೂ, ಬಿಳಿಯರಿಗಿಂತ ಕಪ್ಪು ಜನ ಬಂಧನಕ್ಕೊಳಗಾಗುವ ಸಾಧ್ಯತೆ 3.6 ಪಟ್ಟು ಇತ್ತು. ಮೊಂಟಾನ, ಕೆಂಟಕಿಗಳಲ್ಲಿ ಒಂಬತ್ತು ಪಟ್ಟು ಮೀರಿತ್ತು. ನಮ್ಮ ಬಣ್ಣದವರು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತೇವೆ ಎಂಬುದು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದ ಪೊಲೀಸನ ಕಣ್ಣಿಗೆ ಬಿಟ್ಟದ್ದು.

ಇನ್ನು ನೀವು ಬರುವ ಟೆಕ್ಸಸ್. ಇಲ್ಲಿ 2 ಔನ್ಸ್‌ (ಔನ್ಸ್ ಅಂದರೆ ಸುಮಾರು 28 ಗ್ರಾಂ) ವರೆಗಿನ ಗಾಂಜಾ ಸೊಪ್ಪಿಗೆ 180 ದಿನ ಜೈಲು, 2,000 ಡಾಲರ್ ದಂಡದವರೆಗೆ ಅವಕಾಶವಿದೆ. 2019ರಲ್ಲಿ ರಾಜ್ಯ ಹೆಂಪ್, ಅಂದರೆ ಮತ್ತೇರಿಸುವ ಅಂಶ ತೀರ ಕಡಿಮೆ ಇರುವ ಗಾಂಜಾ ಜಾತಿಯ ಬೆಳೆಯನ್ನು ಸಕ್ರಮಗೊಳಿಸಿದಾಗ ತಮಾಷೆಯೊಂದು ನಡೆಯಿತು: ಹೆಂಪ್ ಯಾವುದು, ಗಾಂಜಾ ಯಾವುದು ಎಂದು ಬೇರ್ಪಡಿಸಲು ಸರ್ಕಾರಿ ಪ್ರಯೋಗಾಲಯಗಳಿಗೇ ಆಗದೆ ಮೊಕದ್ದಮೆಗಳು ಒಮ್ಮೆಲೇ ಕುಸಿದವು. ಮನಸ್ಸು ಬದಲಾಗಿ ಆದ ಇಳಿಕೆ ಅದಲ್ಲ, ಯಂತ್ರವಿಲ್ಲದೆ ಆದದ್ದು. 2024ರ ನವೆಂಬರ್‌ನಲ್ಲಿ ಡಲ್ಲಾಸ್ ನಗರದ ಮತದಾರರು 4 ಔನ್ಸ್ ಒಳಗಿದ್ದರೆ ಬಂಧಿಸಬೇಡಿ ಎಂದು ತೀರ್ಮಾನಿಸಿದರು. ಅದೇ ತಿಂಗಳು ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ನಗರದ ಮೇಲೆ ದಾವೆ ಹೂಡಿದರು. ಅದೇನೇ ಆಗಲಿ, ಆ ಮತ ಡಲ್ಲಾಸ್ ನಗರದ ಪೊಲೀಸರಿಗೆ ಸಂಬಂಧಿಸಿದ್ದು. ರಿಚರ್ಡ್‌ಸನ್‌ಗೆ ಅದರದೇ ಪೊಲೀಸರು, ಪ್ಲೇನೋಗೆ ಬೇರೆ, ಇರ್ವಿಂಗ್‌ಗೆ ಬೇರೆ. ಸಿಗ್ನಲ್ ದಾಟಿದರೆ ಊರು ಬದಲಾಗಿರುತ್ತದೆ, ಫಲಕ ಕೂಡ ಕಾಣುವುದಿಲ್ಲ.

ಹುಡುಗರು ನಿಜವಾಗಿ ಎಡವುವುದು ಸೊಪ್ಪಿನಲ್ಲಲ್ಲ, ಗಾಂಜಾ ಸಾರ ಬೆರೆಸಿದ ಗಮ್ಮಿ (ಜೆಲ್ಲಿ ಮಿಠಾಯಿ) ಮತ್ತು ಅದರ ಆವಿ ಸೇದುವ ವೇಪ್ ಪೆನ್ನುಗಳಲ್ಲಿ. ರಜೆಗೆ ಡೆನ್ವರ್‌ಗೋ ನ್ಯೂ ಮೆಕ್ಸಿಕೊಗೋ ಹೋಗುತ್ತಾರೆ, ಅಂಗಡಿಯಲ್ಲಿ ರಸೀದಿ ಸಮೇತ ಕೊಳ್ಳುತ್ತಾರೆ, ಉಳಿದದ್ದನ್ನು ಕಾರಿನಲ್ಲಿ ಹಾಕಿಕೊಂಡು ಬರುತ್ತಾರೆ. ಟೆಕ್ಸಸ್ ಕಾನೂನಿನಲ್ಲಿ ಗಾಂಜಾದ ಮತ್ತೇರಿಸುವ ಅಂಶವಾದ ಟಿಎಚ್‌ಸಿಯ ಸಾರ ಎಷ್ಟೇ ಸ್ವಲ್ಪವಿದ್ದರೂ ಫೆಲನಿ, ಅಂದರೆ ಗಂಭೀರ ಅಪರಾಧ. ಅದೂ ತೂಗುವಾಗ ಒಳಗಿನ ಮದ್ದನ್ನಷ್ಟೇ ಅಲ್ಲ, ಸಕ್ಕರೆ, ಜೆಲಟಿನ್ ಎಲ್ಲವನ್ನೂ ಸೇರಿಸಿ ತೂಗುತ್ತಾರೆ. 4 ಗ್ರಾಂ ಮುಟ್ಟಿದರೆ 2ರಿಂದ 20 ವರ್ಷದ ಶಿಕ್ಷೆಯ ವಿಭಾಗ. ಮಿಠಾಯಿ ಡಬ್ಬಿಯಂಥ ಆ ಪೊಟ್ಟಣ 4 ಗ್ರಾಂ ಸುಲಭವಾಗಿ ದಾಟುತ್ತದೆ. ಇದೇ ಊರಿನ ಸ್ಮೋಕ್ ಶಾಪ್‌ಗಳಲ್ಲಿ ಹೆಂಪ್ ಗಮ್ಮಿಗಳನ್ನು ರಾಜಾರೋಷವಾಗಿ ಮಾರಿಕೊಂಡು ಬಂದಿದ್ದಾರೆ. 2025ರಲ್ಲಿ ಶಾಸನಸಭೆ ಅದನ್ನು ನಿಷೇಧಿಸಹೊರಟಾಗ ಗವರ್ನರ್ ಗ್ರೆಗ್ ಅಬಾಟ್ ತಡೆದರು. ಯಾವುದು ಸಕ್ರಮ, ಯಾವುದು ಅಲ್ಲ ಎಂದು ಪೊಟ್ಟಣ ನೋಡಿ ನೀವು ಹೇಳಲಾರಿರಿ, ಪೊಲೀಸರೂ ಹೇಳಲಾರರು. ಪ್ರಯೋಗಾಲಯದ ವರದಿ ಬರುವ ತನಕ ನಿಮ್ಮ ಬೆರಳಚ್ಚಂತೂ ದಾಖಲಾಗಿರುತ್ತದೆ.

ಆ ಬೆರಳಚ್ಚೇ ನಿಮ್ಮ ನಿಜವಾದ ತೊಂದರೆ. ವೀಸಾ ಕೊಡುವುದು ರಾಜ್ಯವಲ್ಲ, ಫೆಡರಲ್ ಸರ್ಕಾರ. ಅದರ ಕಾನೂನಿಗೆ ಕೊಲರಾಡೊ, ಟೆಕ್ಸಸ್ ಎಂಬ ಭೇದವಿಲ್ಲ. ಸ್ವಂತ ಬಳಕೆಗೆ 30 ಗ್ರಾಂ ಒಳಗಿನ ಗಾಂಜಾ ಇಟ್ಟುಕೊಂಡು ಒಂದೇ ಒಂದು ಸಲ ಶಿಕ್ಷೆಯಾಗಿದ್ದರೆ ಗಡೀಪಾರಿನಿಂದ ವಿನಾಯಿತಿಯುಂಟು. ಆದರೆ ಊರಿಗೆ ಹೋಗಿ ಮರಳಿ ಬರುವಾಗ ಅನ್ವಯಿಸುವ ನಿಯಮದಲ್ಲಿ ಆ ವಿನಾಯಿತಿ ಇಲ್ಲ. ಶಿಕ್ಷೆಯೇ ಆಗದಿದ್ದರೂ, ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೆ ಸಾಕು, ಒಳಗೆ ಬಿಡದಿರಬಹುದು. ಬಂಧನ ಒಂದನ್ನೇ ಆಧಾರ ಮಾಡಿಕೊಂಡು ವೀಸಾ ರದ್ದುಪಡಿಸುವ ಅಧಿಕಾರವೂ ಅವರಿಗಿದೆ. 2025ರ ವಸಂತದಲ್ಲಿ ಹೆಸರುಗಳನ್ನು ಅಪರಾಧ ದಾಖಲೆಗಳೊಡನೆ ತಾಳೆ ನೋಡಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳು ಇಲ್ಲಿರಲು ಬೇಕಾದ ಫೆಡರಲ್ ದಾಖಲೆಯನ್ನು ರದ್ದು ಮಾಡಿದರಲ್ಲ, ಅವರಲ್ಲಿ ಮೊಕದ್ದಮೆ ವಜಾ ಆದವರೂ ಇದ್ದರು. ನ್ಯಾಯಾಲಯಗಳಿಗೆ ಹೋದ ಮೇಲೆ ಮರಳಿ ಸೇರಿಸಿದರು, ಆದರೆ ಆ ವಾರಗಳಲ್ಲಿ ಇಲ್ಲಿನ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ! ಬೈಡನ್ 2022ರಲ್ಲಿ ಗಾಂಜಾ ಪ್ರಕರಣಗಳಿಗೆ ಕ್ಷಮಾದಾನ ಕೊಟ್ಟಾಗಲೂ ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ.

ಆದ್ದರಿಂದ ನೀವು ಮುಟ್ಟದಿದ್ದರೆ ಸಾಲದು, ನಿಮ್ಮ ಕಾರಿನಲ್ಲಿ, ಅಡುಗೆಮನೆಯ ಕಪಾಟಿನಲ್ಲಿ ಇನ್ನೊಬ್ಬರದೂ ಇರಬಾರದು. ಪೊಲೀಸರು ತಡೆದರೆ ಸುಳ್ಳು ಹೇಳಬೇಡಿ, ವಾದಕ್ಕೂ ಇಳಿಯಬೇಡಿ. ಕಾರು ತಪಾಸಣೆಗೆ ಒಪ್ಪಿಗೆ ಕೇಳಿದರೆ ವಿನಯವಾಗಿ ಒಪ್ಪಿಗೆಯಿಲ್ಲ ಎನ್ನಿ, ಉಳಿದದ್ದಕ್ಕೆ ವಕೀಲರು ಬೇಕು ಎನ್ನಿ. ಆ ವಕೀಲರಿಗೆ ಮೊದಲ ಮಾತಿನಲ್ಲೇ ವಿದ್ಯಾರ್ಥಿ ವೀಸಾದಲ್ಲಿದ್ದೇನೆ ಎಂದು ಹೇಳಿ. ತಪ್ಪೊಪ್ಪಿಗೆಯಿಂದ ವಲಸೆಗೆ ಆಗುವ ಹಾನಿಯನ್ನು ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ ಗಾಂಜಾ ಪ್ರಕರಣದಲ್ಲೇ. ಆ ಪ್ರಕರಣದಲ್ಲಿ ಕೆಂಟಕಿಯಲ್ಲಿ ಸಿಕ್ಕಿಬಿದ್ದ ಲಾರಿ ಚಾಲಕ ಪಡಿಲ್ಲಾ, ಅಮೆರಿಕದ ಪರವಾಗಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಆ ಹುಡುಗರನ್ನು ನೇರವಾಗಿ ಕೇಳಿ, ಮನೆಯಲ್ಲಿ ಇಡುತ್ತೀರಾ ಎಂದು. ಹೌದು ಎಂದರೆ ಬೇರೆ ಕೋಣೆ ನೋಡಿಕೊಳ್ಳಿ. ಹುಡುಕಲು ಬೇಕಾದರೆ ನಾನೂ ವಿಚಾರಿಸುತ್ತೇನೆ.